ಬೆಂಗಳೂರಲ್ಲಿ ಕೂತು ಸಮುದ್ರ ಓದುವವರು ಹಡಗು ಹತ್ತುವುದು ಹೇಗೆ?

ಮಳೆಬಿಲ್ಲು_ವಿಜಯನಗರ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಬೆಂಗಳೂರಿನಲ್ಲಿ ಎಂಎಸ್ಸಿ ಭೌತಶಾಸ್ತ್ರ ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಬಂಗಾಳ ಕೊಲ್ಲಿಯ ಉಪ್ಪಿನಂಶ ತೆಗೆದುಕೊಂಡಿದ್ದೇನೆ. ಸಮುದ್ರದಲ್ಲಿ ತೇಲುತ್ತಾ ತಾವೇ ಉಪ್ಪು, ಉಷ್ಣತೆ ಅಳೆಯುವ ಆರ್ಗೋ ಫ್ಲೋಟುಗಳ ಡೇಟಾ ಇಳಿಸಿಕೊಳ್ಳುತ್ತೇನೆ, ಪೈಥಾನಿನಲ್ಲಿ ಗ್ರಾಫ್ ಹಾಕುತ್ತೇನೆ, ಗೈಡ್‌ಗೆ ತೋರಿಸುತ್ತೇನೆ. ಗಂಗಾ, ಬ್ರಹ್ಮಪುತ್ರ, ಐರಾವತಿ ನದಿಗಳ ನೀರಿನ ಜೊತೆ ಮಳೆ ನೀರೂ ಸೇರಿ ಕೊಲ್ಲಿಯ ಮೇಲ್ಪದರ ಹಗುರವಾಗಿರುತ್ತದೆ, ಹಾಲಿನ ಮೇಲೆ ಕೆನೆ ಕೂತ ಹಾಗೆ ಕೆಳಗಿನ ಉಪ್ಪು ನೀರಿನ ಮೇಲೆ ಕೂತಿರುತ್ತದೆ, ಗಾಳಿ ಬೀಸಿದರೂ ಸುಲಭಕ್ಕೆ ಬೆರೆಯುವುದಿಲ್ಲ, ಅದಕ್ಕೇ ಅಲ್ಲಿ ಮೇಲಿನ ನೀರು ಬೆಚ್ಚಗೇ ಉಳಿದು ಮುಂಗಾರಿನ ಮೋಡಗಳಿಗೆ ಬಲ ಸಿಗುತ್ತದೆ. ಇಷ್ಟೂ ಓದಿ ಗೊತ್ತು. ಆದರೆ ಆ ನೀರನ್ನು ನಾನು ಮುಟ್ಟಿಲ್ಲ. ನನ್ನ ಗ್ರಾಫಿನಲ್ಲಿರುವ ಒಂದೊಂದು ಚುಕ್ಕಿ ಎಲ್ಲಿಂದ, ಹೇಗೆ ಬಂತು ಅನ್ನುವುದನ್ನು ಕಣ್ಣಾರೆ ನೋಡಬೇಕು ಅಂತ ಬಹಳ ಆಸೆ.

ಎಂಎಸ್ಸಿ ಹುಡುಗಿಯರಿಗೆ ಸಂಶೋಧನಾ ಹಡಗಿನಲ್ಲಿ ಜಾಗ ಸಿಗುತ್ತದಾ? ಯಾರನ್ನು ಕೇಳಬೇಕು? ಸಮುದ್ರ ವಿಜ್ಞಾನದ ಪದವಿಯೇ ಇರಬೇಕಾ? ಮನೆಯಲ್ಲಿ ಅಮ್ಮ ಈಗಲೇ ಗಾಬರಿಯಾಗಿದ್ದಾರೆ, ಅವರಿಗೂ ಏನಾದರೂ ಹೇಳಬೇಕಲ್ವಾ. ಹೋಗಿ ಬಂದವರು ದಯವಿಟ್ಟು ಬರೆಯಿರಿ.

ಉಪ್ಪುನೀರು

ಸಿಗುತ್ತದೆ. ಆದರೆ ಪೇಪರಿನಲ್ಲಿ ಜಾಹೀರಾತು ಬರುತ್ತದೆ ಅಂತ ಕಾಯುತ್ತಾ ಕೂರಬೇಡಿ.

ನಾನು ಇಲ್ಲೇ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಹಡಗಿನಲ್ಲಿ ಕೆಲಸ ಮಾಡಿದ್ದೇನೆ. ನಮ್ಮ ದೇಶದಲ್ಲಿ ಆಳ ಸಮುದ್ರಕ್ಕೆ ಹೋಗುವ ಸಂಶೋಧನಾ ಹಡಗುಗಳು ಬೆರಳೆಣಿಕೆಯಷ್ಟು. 1983ರಲ್ಲಿ ಬಂದ ಸಾಗರ ಕನ್ಯಾ ಸುಮಾರು 100 ಮೀಟರ್ ಉದ್ದದ್ದು. ಸಾಗರ ನಿಧಿ 104 ಮೀಟರ್, ಅದನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ನಡೆಸುತ್ತಾರೆ. ಮೀನು, ಜೀವಿಗಳ ಅಧ್ಯಯನಕ್ಕೆ ಸಾಗರ ಸಂಪದಾ ಇದೆ, ಅದು ಕೊಚ್ಚಿಯವರ ಕೈಯಲ್ಲಿದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಸಿಂಧು ಸಾಧನಾ 80 ಮೀಟರ್, 2014ರಲ್ಲಿ ಬಂತು. ಈ ಹಡಗುಗಳನ್ನು ಯಾವ ತಿಂಗಳು ಯಾವ ಯೋಜನೆಗೆ ಕೊಡಬೇಕು ಅಂತ ಮೊದಲೇ ನಿರ್ಧಾರ ಆಗಿರುತ್ತದೆ. ಒಂದೊಂದು ಯಾನಕ್ಕೂ ಒಬ್ಬರು ಮುಖ್ಯ ವಿಜ್ಞಾನಿ ಇರುತ್ತಾರೆ. ಯಾರು ಬರಬೇಕು ಅನ್ನುವ ಪಟ್ಟಿ ಅವರ ಹತ್ತಿರ ತಯಾರಾಗುತ್ತದೆ. ಅಂದರೆ ನೀವು ಹಿಡಿಯಬೇಕಾದ್ದು ಹಡಗಿನ ಆಫೀಸನ್ನಲ್ಲ, ಯೋಜನೆ ನಡೆಸುವ ವಿಜ್ಞಾನಿಯನ್ನು.

ಆ ಪಟ್ಟಿಯಲ್ಲಿ ವಿದ್ಯಾರ್ಥಿಗಳಿಗೆ ಜಾಗ ಯಾಕೆ ಇರುತ್ತದೆ ಗೊತ್ತಾ? ಹಡಗು ರಾತ್ರಿ ನಿಲ್ಲುವುದಿಲ್ಲ. ಮಧ್ಯರಾತ್ರಿ ಎರಡಕ್ಕೂ ಉಪಕರಣ ನೀರಿಗೆ ಇಳಿಯುತ್ತದೆ, ಬೆಳಗಿನ ಜಾವ ಐದಕ್ಕೂ ಬಾಟಲಿ ತುಂಬಬೇಕು. ಪಾಳಿ ಮೇಲೆ ಪಾಳಿ ನಿಲ್ಲಲು ಗಟ್ಟಿ ಹುಡುಗರು ಹುಡುಗಿಯರು ಬೇಕು. ದೊಡ್ಡ ವಿಜ್ಞಾನಿಗಳು ಎಲ್ಲ ಪಾಳಿಯಲ್ಲೂ ನಿಲ್ಲಲು ಆಗುವುದಿಲ್ಲ.

ಬೆಂಗಳೂರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಹೇಳುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅದೇ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ವಾತಾವರಣ ಮತ್ತು ಸಾಗರ ವಿಜ್ಞಾನಕ್ಕೆ ಅಂತಲೇ ಒಂದು ಕೇಂದ್ರ ಇದೆ. 1999ರ ಜುಲೈ, ಆಗಸ್ಟಿನಲ್ಲಿ ಬಂಗಾಳ ಕೊಲ್ಲಿ ಮುಂಗಾರು ಪ್ರಯೋಗ ನಡೆಯಿತು, ಬಾಬ್‌ಮೆಕ್ಸ್ ಅಂತ ಕರೆಯುತ್ತಾರೆ. ಸಾಗರ ಕನ್ಯಾ ಜೊತೆಗೆ ನೌಕಾಪಡೆಯ ಸಾಗರಧ್ವನಿ ಹಡಗೂ ಹೋಗಿತ್ತು. ಅದರಲ್ಲಿ ಇಲ್ಲಿಯವರ ಪಾಲು ದೊಡ್ಡದು. ಮತ್ತೆ 2016ರ ಮುಂಗಾರಿನಲ್ಲಿ ಇಂಗ್ಲೆಂಡಿನ ತಂಡದ ಜೊತೆ ಸೇರಿ ಬಾಬಲ್ ಪ್ರಯೋಗ. ಸಿಂಧು ಸಾಧನಾ ಚೆನ್ನೈಯಿಂದ ಹೊರಟು ಶ್ರೀಲಂಕಾದ ಪೂರ್ವಕ್ಕೆ ಹೋಯಿತು, ನೀರೊಳಗೆ ತಾವೇ ಈಜುವ ಗ್ಲೈಡರುಗಳನ್ನೂ ಬಿಟ್ಟರು. ಮೆಜೆಸ್ಟಿಕ್‌ನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಚೆನ್ನೈ. ದೂರ ಅಂದುಕೊಂಡಷ್ಟು ಇಲ್ಲ.

ನಿಮ್ಮ ಭೌತಶಾಸ್ತ್ರ ಅಡ್ಡ ಬರುವುದಿಲ್ಲ, ಅದೇ ನಿಮ್ಮ ಬಲ.

ಕೋಡ್‌ಮನೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ. ನಾನು ಸಾಗರ ಮಾದರಿಗಳ ಮೇಲೆ ಕೆಲಸ ಮಾಡುವವನು, ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ. ಈಗ ಜಗತ್ತಿನ ಸಮುದ್ರಗಳಲ್ಲಿ ಹತ್ತಿರ ಹತ್ತಿರ 4000 ಆರ್ಗೋ ಫ್ಲೋಟುಗಳಿವೆ. ಒಂದೊಂದೂ 1000 ಮೀಟರ್ ಆಳದಲ್ಲಿ ತೇಲುತ್ತಿದ್ದು, ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಅಲ್ಲಿಂದ ಮೇಲೆ ಬರುತ್ತಾ ಉಷ್ಣತೆ, ಉಪ್ಪು ಅಳೆದು ಉಪಗ್ರಹಕ್ಕೆ ಕಳಿಸುತ್ತದೆ. ಮುಂಗಾರಿನ ಬಿರುಗಾಳಿಯಲ್ಲೂ ರಜೆ ಇಲ್ಲ. ಡೇಟಾ ಎಲ್ಲರಿಗೂ ಉಚಿತ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯಿಸ್‌ನ ತಾಣದಲ್ಲೂ ಸಿಗುತ್ತದೆ. ಮೇಲಿಂದ ನಮ್ಮ ಇಸ್ರೋದ ಓಷನ್‌ಸ್ಯಾಟ್ ಸರಣಿ 1999ರಿಂದ ಇದೆ, ಮೂರನೆಯದು 2022ರ ನವೆಂಬರಿನಲ್ಲಿ ಹಾರಿತು.

ಒಂದು ಹಡಗು ಒಂದು ಹೊತ್ತಿಗೆ ಒಂದೇ ಜಾಗದಲ್ಲಿ ಇರುತ್ತದೆ. ಎಷ್ಟು ಡೀಸೆಲ್, ಎಷ್ಟು ಜನ, ಎಷ್ಟು ಖರ್ಚು. ಎರಡು ವರ್ಷದ ಎಂಎಸ್ಸಿಯಲ್ಲಿ ಒಂದು ತಿಂಗಳು ಹಡಗಿಗೆ, ಒಂದು ತಿಂಗಳು ಅದಕ್ಕೆ ಕಾಯುವುದಕ್ಕೆ ಕೊಟ್ಟರೆ ಪ್ರಾಜೆಕ್ಟ್ ಮುಗಿಯುವುದು ಯಾವಾಗ? ಮನೆಯಲ್ಲಿ ದುಡ್ಡಿಲ್ಲದ, ಹೊರಗೆ ಕಳಿಸದ ಎಷ್ಟೋ ಮಕ್ಕಳು ಬರೀ ಡೇಟಾ ಇಟ್ಟುಕೊಂಡೇ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಹಡಗು ಹತ್ತದಿದ್ದರೆ ನೀವು ಅರ್ಧ ವಿಜ್ಞಾನಿ ಅನ್ನುವ ಮಾತು ಅವರಿಗೆ ನೋವು ಕೊಡುತ್ತದೆ. ಅದನ್ನು ಒಪ್ಪಲಾರೆ.

ಉಪ್ಪುನೀರು

ಅರ್ಧ ವಿಜ್ಞಾನಿ ಅಂತ ಯಾರೂ ಹೇಳಿಲ್ಲ, ಹೇಳಲೂಬಾರದು. ಕೊನೆಯ ಮಾತು ನೂರಕ್ಕೆ ನೂರು ಸರಿ.

ಆದರೆ ಫ್ಲೋಟ್ ಬಗ್ಗೆ ಒಂದು ವಿಷಯ ಬಿಟ್ಟಿರಿ. ವರ್ಷಗಟ್ಟಲೆ ನೀರಲ್ಲಿ ಬಿದ್ದಿರುವ ಸೆನ್ಸರ್ ಯಾವಾಗಲೂ ಸರಿಯಾಗೇ ಓದುವುದಿಲ್ಲ. ಉಪ್ಪಿನ ಓದು ನಿಧಾನಕ್ಕೆ ಒಂದು ಕಡೆ ವಾಲುತ್ತಾ ಹೋಗಬಹುದು. ಅದು ವಾಲಿದೆ ಅಂತ ಗೊತ್ತಾಗುವುದು ಹೇಗೆ? ಹಡಗಿನಿಂದ ತೆಗೆದ ಸಿಟಿಡಿ (ಕೇಬಲ್ ಕಟ್ಟಿ ಆಳಕ್ಕೆ ಇಳಿಸಿ ಉಪ್ಪು, ಉಷ್ಣತೆ ಅಳೆಯುವ ಉಪಕರಣ) ಓದುಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ. ಆ ಸಿಟಿಡಿ ಸರಿಯಿದೆಯಾ ಅಂತ ಹೇಗೆ ಗೊತ್ತು? ಅದೇ ಆಳದಲ್ಲಿ ಬಾಟಲಿಯಲ್ಲಿ ಹಿಡಿದ ನೀರನ್ನು ಲ್ಯಾಬಿನಲ್ಲಿ ಅಳೆದಾಗ. ಕೊನೆಗೆ ಎಲ್ಲ ಬಂದು ನಿಲ್ಲುವುದು ಯಾರೋ ಒಬ್ಬರು ಡೆಕ್ಕಿನಲ್ಲಿ ನಿಂತು ಬಾಟಲಿಯನ್ನು ಮೂರು ಸಲ ಅದೇ ನೀರಿನಲ್ಲಿ ತೊಳೆದು, ತುಂಬಿ, ಮುಚ್ಚಳ ಗಟ್ಟಿ ಮಾಡಿ, ನಂಬರ್ ಬರೆದರಲ್ಲ, ಆ ಕೈಯ ಮೇಲೆ. ಆ ಮುಚ್ಚಳ ಸಡಿಲ ಇದ್ದರೆ ನೀರು ಆವಿಯಾಗಿ ಉಪ್ಪು ಜಾಸ್ತಿ ತೋರಿಸುತ್ತದೆ. ಹಡಗಿನಲ್ಲಿ ಇದ್ದವರಿಗೆ ಗ್ರಾಫಿನಲ್ಲಿ ಒಂದು ಚುಕ್ಕಿ ಎದ್ದು ಕಂಡರೆ ಮೊದಲು ಆ ಮುಚ್ಚಳವೇ ನೆನಪಾಗುತ್ತದೆ. ಇಲ್ಲಿ ಕೂತವರು ಅದನ್ನೇ ಹೊಸ ಸುಳಿ ಅಂತ ಬರೆದುಬಿಡುವ ಅಪಾಯ ಇದೆ.

ಇನ್ನೊಂದು, ಸಮುದ್ರದ ಸರಾಸರಿ ಆಳ ಸುಮಾರು 3700 ಮೀಟರ್. ಮಾಮೂಲಿ ಫ್ಲೋಟ್ 2000ಕ್ಕೆ ವಾಪಸ್. ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಅವು ಹೆಚ್ಚು ಸಿಗುವುದೂ ಇಲ್ಲ. ಹೆಚ್ಚಿನವಕ್ಕೆ ಆಮ್ಲಜನಕ ಅಳೆಯುವ ಸೆನ್ಸರೂ ಇಲ್ಲ. ಫ್ಲೋಟುಗಳಲ್ಲಿ ಎಷ್ಟೋ ನೀರಿಗೆ ಬೀಳುವುದೂ ಹಡಗಿನ ಮೇಲಿಂದಲೇ.

ಕಾರವಾರದ_ಅಲೆ

ನಾನು ಕಾರವಾರದ ಕೋಡಿಬಾಗದಲ್ಲಿ ಓದಿದವಳು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ಕೇಂದ್ರ ಅಲ್ಲಿದೆ, ಕಾಳಿ ನದಿ ಸಮುದ್ರ ಸೇರುವ ಕಡೆ. ಈಗ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದೇನೆ. ಈ ಚರ್ಚೆ ನೋಡಿ ಸುಮ್ನೆ ಕೂರಲು ಆಗಲಿಲ್ಲ.

ತಂಗಿ, ದೊಡ್ಡ ಹಡಗಿಗೇ ಕಾಯಬೇಡ. ಮೊದಲು ಸಣ್ಣ ದೋಣಿಯಲ್ಲಿ ಹೋಗು. ಸಮುದ್ರದ ಕೆಲಸದ ಮುಕ್ಕಾಲು ಪಾಲು ಅಲ್ಲೇ ಕಲಿಯಬಹುದು. ಸೆಕ್ಕಿ ತಟ್ಟೆ ಅಂತ ಇದೆ, 30 ಸೆಂಟಿಮೀಟರ್ ಅಗಲದ ಬಿಳಿ ತಟ್ಟೆ, ಹಗ್ಗ ಕಟ್ಟಿ ಇಳಿಸಿ ಎಲ್ಲಿ ಕಾಣದೆ ಹೋಗುತ್ತದೆ ಅಂತ ನೋಡುವುದು. 1865ರಿಂದ ಇದೇ ತಟ್ಟೆಯಲ್ಲಿ ನೀರಿನ ತಿಳಿ ಅಳೆಯುತ್ತಾ ಬಂದಿದ್ದಾರೆ. ಅದನ್ನು ದೋಣಿಯ ನೆರಳು ಬೀಳುವ ಕಡೆಯಿಂದ ಇಳಿಸಬೇಕು, ಇಲ್ಲದಿದ್ದರೆ ಬಿಸಿಲು ನೀರಿನ ಮೇಲೆ ಹೊಳೆದು ಏನೂ ಕಾಣುವುದಿಲ್ಲ. ಹಗ್ಗ ನೇರ ಇಳಿಯಬೇಕು. ಸೆಳೆತ ಇದ್ದರೆ ಹಗ್ಗ ಓರೆಯಾಗುತ್ತದೆ, ಆಗ ಹಗ್ಗದ ಉದ್ದ ಆಳವಲ್ಲ. ಓದುವಾಗ ಎಷ್ಟು ಸುಲಭ ಅನ್ನಿಸುತ್ತದೆ! ದೋಣಿ ಅಲ್ಲಾಡುವಾಗ ಮಾಡಿ ನೋಡಬೇಕು.

ನನ್ನ ಮನಸ್ಸಲ್ಲಿ ಗಟ್ಟಿಯಾಗಿ ಕೂತದ್ದು ಬೇರೆ. ಒಂದು ಯಾನದಲ್ಲಿ ಅರಬ್ಬೀ ಸಮುದ್ರದ ಆಳದ ಕಡೆ ಹೋಗಿದ್ದೆವು. ನೀರು ಹಿಡಿಯುವ ಬಾಟಲಿಗಳನ್ನು ಕಟ್ಟಿದ ಸಿಟಿಡಿ ಚೌಕಟ್ಟು ಮೇಲೆ ಬಂದ ತಕ್ಷಣ ಮೊದಲು ಆಮ್ಲಜನಕದ ಸ್ಯಾಂಪಲ್. ಗಾಳಿ ಸೋಕಿದರೆ ಕೆಡುತ್ತದೆ, ಅದಕ್ಕೇ ಬೇರೆ ಯಾರೂ ಆ ಬಾಟಲಿಯ ನಲ್ಲಿ ಮುಟ್ಟುವ ಹಾಗಿಲ್ಲ. ಸಣ್ಣ ಗಾಜಿನ ಬಾಟಲಿಯ ತಳದವರೆಗೂ ರಬ್ಬರ್ ಕೊಳವೆ ಇಳಿಸಿ, ಒಂದು ಗುಳ್ಳೆಯೂ ಸೇರದ ಹಾಗೆ ತುಂಬಿ, ಮೇಲೆ ಉಕ್ಕಿ ಹರಿಯಲು ಬಿಡಬೇಕು. ಆಮೇಲೆ ಮ್ಯಾಂಗನೀಸ್ ದ್ರಾವಣ ಸ್ವಲ್ಪ, ಕ್ಷಾರ ಅಯೊಡೈಡ್ ಸ್ವಲ್ಪ. ಮುಚ್ಚಿ ಅಲ್ಲಾಡಿಸಿದರೆ ಒಳಗೆ ಗಸಿ ಕಟ್ಟುತ್ತದೆ. ಮೇಲ್ಪದರದ ನೀರಿನಲ್ಲಿ ಅದು ಒಳ್ಳೆ ಕಂದು ಬಣ್ಣ. ಕೆಳಗೆ ಹೋದ ಹಾಗೆ ಕಂದು ತೆಳುವಾಗುತ್ತಾ ಬಂತು. ಸುಮಾರು 150 ಮೀಟರಿನಿಂದ 1000 ಮೀಟರ್‌ವರೆಗಿನ ಬಾಟಲಿಗಳಲ್ಲಿ ಹೆಚ್ಚುಕಡಿಮೆ ಬಿಳಿ! ಬಿಳಿ ಅಂದರೆ ಆ ನೀರಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜಗತ್ತಿನಲ್ಲೇ ದೊಡ್ಡ ಆಮ್ಲಜನಕ ಕಡಿಮೆಯ ವಲಯಗಳಲ್ಲಿ ಒಂದು ನಮ್ಮ ಪಶ್ಚಿಮಕ್ಕೇ ಇದೆ ಅಂತ ಪರೀಕ್ಷೆಗೆ ಬರೆದು ಅಂಕ ತೆಗೆದಿದ್ದೆ. ಟ್ರೇನಲ್ಲಿ ಸಾಲಾಗಿ ಕಂದಿನಿಂದ ಬಿಳಿಗೆ ತಿರುಗಿದ ಬಾಟಲಿಗಳನ್ನು ನೋಡಿದ ಮೇಲೆ ಆ ವಿಷಯ ನನ್ನದಾಯಿತು. ಅಷ್ಟೂ ಹೊತ್ತು ಪಕ್ಕದಲ್ಲಿದ್ದವರ ಹತ್ತಿರ ನಾನು ಮಾತೇ ಆಡಲಿಲ್ಲ.

ಇದು ದೂರದ ಸುದ್ದಿಯೂ ಅಲ್ಲ. ಮುಂಗಾರಿನಲ್ಲಿ ನಮ್ಮ ಕರಾವಳಿಯ ಗಾಳಿ, ಹರಿವಿನಿಂದ ಕೆಳಗಿನ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ದಡದ ಕಡೆ ಏರಿ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕರಾವಳಿಯ ತಳದ ನೀರು ತುಂಬಾ ಕೆಟ್ಟಿರುತ್ತದೆ. ಮೀನು ಸಿಗುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ.

ಮಲ್ಲೇಶ್ವರದ_ಅಮ್ಮ

ನಾನು ವಿಜ್ಞಾನದವಳಲ್ಲ. ನನ್ನ ಮಗಳು ಹಡಗಿಗೆ ಹೋಗಿದ್ದಳು, ಆದ್ದರಿಂದ ನಿನ್ನ ಅಮ್ಮನ ಪರವಾಗಿ ಬರೆಯುತ್ತಿದ್ದೇನಮ್ಮ.

ಭಯ ಆಗುವುದು ಸಹಜ. ನಮಗೆ ಕೆರೆ, ಕಾವೇರಿ ಗೊತ್ತು, ಸಮುದ್ರ ಗೊತ್ತಿಲ್ಲ. ನಾನು ಕೇಳಿದ ಪ್ರಶ್ನೆಗಳನ್ನೇ ಹೇಳುತ್ತೇನೆ. ಹಡಗಿನಲ್ಲಿ ಡಾಕ್ಟರ್ ಇರುತ್ತಾರಾ? ಅವಳು ಹೋದ ಹಡಗಿನಲ್ಲಿ ಇದ್ದರು. ಕ್ಯಾಬಿನ್ ಯಾರ ಜೊತೆ? ಇನ್ನೊಬ್ಬ ಹುಡುಗಿಯ ಜೊತೆ, ಒಳಗಿನಿಂದ ಬೀಗ. ಫೋನ್? ದಡ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಹಡಗಿನ ಉಪಗ್ರಹ ಸಂಪರ್ಕದಿಂದ ಆಗಾಗ ನಾಲ್ಕು ಸಾಲು ಮೇಲ್ ಬರುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ. ಮುಖ್ಯ ವಿಜ್ಞಾನಿಯ ಹೆಸರು, ದಡದಲ್ಲಿರುವ ಆಫೀಸಿನ ನಂಬರ್ ಇವೆರಡು ಅಮ್ಮನ ಕೈಗೆ ಕೊಟ್ಟು ಹೋಗು. ಅದರಿಂದ ಅರ್ಧ ನೆಮ್ಮದಿ.

ಊಟಕ್ಕೆ ಸಸ್ಯಾಹಾರ ಸಿಗುತ್ತದೆ. ಆದರೂ ಚಟ್ನಿಪುಡಿ, ಕೋಡುಬಳೆ, ಹುರಿಗಡಲೆ ಕಟ್ಟಿಕೊಟ್ಟಿದ್ದೆ. ಹೊಟ್ಟೆ ತೊಳಸುವಾಗ ಅನ್ನ ಸಾರು ಇಳಿಯದಿದ್ದರೂ ಒಣ ತಿಂಡಿ ಇಳಿಯಿತಂತೆ. ಬಂದ ಮೇಲೆ ಅವಳು ಹವಾಮಾನದ ಸುದ್ದಿ ನೋಡುವ ರೀತಿಯೇ ಬದಲಾಗಿದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ಸಾಕು, ಅಲ್ಲಿ ನೀರು ಎಷ್ಟು ಬೆಚ್ಚಗಿದೆ ಅಂತ ಹುಡುಕಲು ಕೂರುತ್ತಾಳೆ.

ಡೆಕ್ಕಿನ_ಹಳಬ

ಈ ಹುಡುಗಿಯ ಪ್ರಶ್ನೆ ನೋಡಿ ಸಂತೋಷ ಆಯಿತು. ನಾನು ಬಹಳ ವರ್ಷ ಸಂಶೋಧನಾ ಹಡಗುಗಳಲ್ಲಿ ಉಪಕರಣ ನೋಡಿಕೊಳ್ಳುವ ಕೆಲಸದಲ್ಲಿದ್ದವನು, ನಿವೃತ್ತಿಯಾಗಿ ರಾಜಾಜಿನಗರದಲ್ಲಿದ್ದೇನೆ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆಯ ಬೆನ್ನಿಗೇ 1966ರ ಜನವರಿ 1ರಂದು ಗೋವಾ ಸಂಸ್ಥೆ ಹುಟ್ಟಿತು, 1976ರಲ್ಲಿ ಗವೇಷಣಿ ಹಡಗು ಬಂತು. ನಮ್ಮ ಹಿರಿಯರೆಲ್ಲ ಗವೇಷಣಿಯಲ್ಲಿ ಕಲಿತವರು. ಅವರು ನಮಗೆ ಕಲಿಸಿದರು. ಈ ವಿದ್ಯೆ ಕೈಯಿಂದ ಕೈಗೆ ಬರುವುದು, ಪುಸ್ತಕದಿಂದ ಪೂರ್ತಿ ಬರುವುದಿಲ್ಲ. ಅದಕ್ಕೇ ವಿದ್ಯಾರ್ಥಿಗಳು ಬರಬೇಕು ಅಂತ ನನ್ನ ಹಟ.

ಡೆಕ್ಕಿನ ಮೇಲೆ ಮೊದಲ ಪಾಠ ಎಳೆತದಲ್ಲಿರುವ ತಂತಿಯ ಹತ್ತಿರ ನಿಲ್ಲಬಾರದು. ಉಪಕರಣ ಇಳಿಸಿ ಎತ್ತುವ ಯಂತ್ರ ವಿಂಚ್, ಅದರ ಉಕ್ಕಿನ ಹಗ್ಗ ತುಂಡಾದರೆ ಅದರ ಹೊಡೆತಕ್ಕೆ ಸಿಕ್ಕವರು ಉಳಿಯುವುದು ಕಷ್ಟ. ಹೆಲ್ಮೆಟ್, ಲೈಫ್ ಜಾಕೆಟ್, ಮುಂದೆ ಉಕ್ಕು ಇರುವ ಶೂ ಇಲ್ಲದೆ ಕೆಲಸದ ಡೆಕ್ಕಿಗೆ ಕಾಲಿಡಬಾರದು. ಚಪ್ಪಲಿ ಬೇಡವೇ ಬೇಡ. ರಾತ್ರಿ ಒಬ್ಬರೇ ಹೊರಗಿನ ಡೆಕ್ಕಿಗೆ ಹೋಗಬಾರದು, ಹೋಗಲೇಬೇಕಿದ್ದರೆ ಹೇಳಿ ಹೋಗಬೇಕು. ಹೊರಟ ಮೇಲೆ ಅಪಾಯದ ಗಂಟೆ ಹೊಡೆದು ಎಲ್ಲರನ್ನೂ ಸೇರಿಸುವ ಅಭ್ಯಾಸ ಮಾಡಿಸುತ್ತಾರೆ. ಅದನ್ನು ಹಗುರವಾಗಿ ತೆಗೆದುಕೊಳ್ಳುವ ಮಕ್ಕಳನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸಿಟಿಡಿ ಕೆಳಗಿಳಿಯುವ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. 4000 ಮೀಟರ್ ಅಂದರೆ ಇಳಿಯುವುದಕ್ಕೇ ಒಂದು ಗಂಟೆ ದಾಟುತ್ತದೆ, ಬಾಟಲಿ ಮುಚ್ಚಲು ಅಲ್ಲಲ್ಲಿ ನಿಲ್ಲಿಸುತ್ತಾ ಮೇಲೆ ಬರುವಷ್ಟರಲ್ಲಿ ಮೂರು ಗಂಟೆ ಹತ್ತಿರ. ಆ ಹೊತ್ತಿನಲ್ಲಿ ಪರದೆಯ ಮುಂದೆ ಕೂತವರು ಎಚ್ಚರ ತಪ್ಪಬಾರದು. ಎಷ್ಟು ಕೇಬಲ್ ಬಿಟ್ಟಿದೆ, ತಳ ಎಷ್ಟು ದೂರ, ಹಡಗು ಸರಿಯುತ್ತಿದೆಯಾ, ಎಲ್ಲ ನೋಡುತ್ತಿರಬೇಕು. ಲಾಗ್ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆಯಿರಿ, ನೀರು ಬಿದ್ದರೂ ಕದಡುವುದಿಲ್ಲ. ಆಗಿದ್ದೆಲ್ಲ ಬರೆಯಿರಿ. ‘ಏಳನೇ ಬಾಟಲಿ ಸೋರುತ್ತಿತ್ತು’ ಅನ್ನುವ ಒಂದು ಸಾಲು ಹತ್ತು ವರ್ಷ ಆದ ಮೇಲೆ ಯಾರದೋ ಪ್ರಬಂಧ ಉಳಿಸುತ್ತದೆ.

ಮಳೆಬಿಲ್ಲು_ವಿಜಯನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಮಲ್ಲೇಶ್ವರದ ಆಂಟಿಯ ಬರಹ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು. ಇನ್ನೂ ಎರಡು ಕೇಳಬೇಕು. ನನಗೆ ಚಾರ್ಮಾಡಿ ಘಾಟಿಯಲ್ಲೇ ವಾಂತಿ ಆಗುತ್ತದೆ, ಸಮುದ್ರದಲ್ಲಿ ಏನು ಗತಿ? ಮತ್ತೆ ಅಷ್ಟು ಗಂಡಸರ ಮಧ್ಯೆ ಹುಡುಗಿಯರು ಒಬ್ಬರೋ ಇಬ್ಬರೋ ಇದ್ದರೆ ಹೇಗಿರುತ್ತದೆ?

ಕಾರವಾರದ_ಅಲೆ

ಎರಡನೆಯದಕ್ಕೆ ನಾನು ಹೇಳುತ್ತೇನೆ. 1983ರಲ್ಲಿ ಹೊರಟ ಮೂರನೇ ಅಂಟಾರ್ಕ್ಟಿಕಾ ತಂಡದಲ್ಲೇ ಅದಿತಿ ಪಂತ್, ಸುದೀಪ್ತಾ ಸೇನ್‌ಗುಪ್ತಾ ಇದ್ದರು. ಅದಿತಿ ಪಂತ್ ಸಮುದ್ರ ವಿಜ್ಞಾನಿ, ಗೋವಾ ಸಂಸ್ಥೆಯವರು. ನಮ್ಮ ದೇಶದ ಅಂಟಾರ್ಕ್ಟಿಕಾ ತಂಡದಲ್ಲಿ ಹೋದ ಮೊದಲ ಹೆಂಗಸರು ಇವರೇ. ಅವರ ಕಾಲಕ್ಕೆ ಹೋಲಿಸಿದರೆ ಈಗ ಎಷ್ಟೋ ವಾಸಿ. ಆದರೂ ಹೊರಡುವ ಮೊದಲೇ ಕೇಳು, ಇನ್ನೆಷ್ಟು ಜನ ಹೆಂಗಸರು ಬರುತ್ತಿದ್ದಾರೆ, ಬಾತ್‌ರೂಮ್ ಕ್ಯಾಬಿನ್ನಿಗೆ ಸೇರಿದ್ದಾ ಹೊರಗಿದ್ದಾ, ತೊಂದರೆ ಆದರೆ ಯಾರಿಗೆ ದೂರು ಕೊಡಬೇಕು ಅಂತ. ಕೇಳಲು ನಾಚಿಕೆ ಬೇಡ. ಪ್ಯಾಡ್ ಬೇಕಾದ್ದಕ್ಕಿಂತ ಜಾಸ್ತಿ ಇಟ್ಟುಕೋ, ಯಾನ ಒಂದೆರಡು ದಿನ ಮುಂದಕ್ಕೆ ಹೋದರೆ ಸಮುದ್ರದಲ್ಲಿ ಅಂಗಡಿ ಇಲ್ಲ. ಭಾರ ಎತ್ತುವ ಕೆಲಸದಿಂದ ‘ನೀನು ಬೇಡಮ್ಮ’ ಅಂತ ಪಕ್ಕಕ್ಕೆ ಕೂರಿಸಲು ಬಂದರೆ ಕೂರಬೇಡ. ಕೆಲಸ ಕಲಿಯಲು ಹೋಗಿದ್ದೀಯ.

ವಾಂತಿಗೆ ಡಾಕ್ಟರನ್ನು ಕೇಳಿ ಅವೊಮಿನ್ ಥರದ ಮಾತ್ರೆ ಇಟ್ಟುಕೋ. ತಲೆ ತಿರುಗಲು ಶುರುವಾದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ, ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತದೆ, ಅದನ್ನು ತೆಗೆದುಕೊಂಡು ವಿಂಚಿನ ಹತ್ತಿರ ಹೋಗಬೇಡ. ಹಡಗಿನ ನಡುಭಾಗದಲ್ಲಿ ತೂಗಾಟ ಕಡಿಮೆ. ಹೊರಗೆ ಬಂದು ದಿಗಂತ ನೋಡು. ಹೊಟ್ಟೆ ಖಾಲಿ ಬಿಡಬೇಡ. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಸರಿ ಹೋಗುತ್ತದೆ.

ಯಲಹಂಕ_ಬಿಎಸ್ಸಿ

ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಿದ್ದೀರಿ. ನನಗೆ ಆದದ್ದನ್ನೂ ಹೇಳಬೇಕು. ಒಂದು ಸಂಸ್ಥೆಯ ಯಾನಕ್ಕೆ ನನ್ನ ಹೆಸರು ಸೇರಿತ್ತು. ಮೆಡಿಕಲ್ ಮಾಡಿಸಿ, ಕಾಲೇಜಿನಿಂದ ಪತ್ರ ತಂದು, ಬಟ್ಟೆ ಕಟ್ಟಿ ಕೂತಿದ್ದೆ. ಯಾನ ಮುಂದೂಡಿತು. ಮತ್ತೆ ಮುಂದೂಡಿತು. ಕೊನೆಗೆ ಹೊರಟಾಗ ಜಾಗ ಇಲ್ಲ ಅಂತ ನನ್ನ ಹೆಸರೇ ತೆಗೆದರು, ಅದನ್ನೂ ನಾನೇ ಫೋನ್ ಮಾಡಿ ತಿಳಿದುಕೊಂಡೆ. ಹಡಗಿನ ಎಂಜಿನ್ ಕೆಡಬಹುದು, ಹವಾಮಾನ ಕೆಡಬಹುದು, ಅದು ಅರ್ಥ ಆಗುತ್ತದೆ. ಆದರೆ ಜಾಗ ಕಡಿಮೆ ಬಿದ್ದಾಗ ಮೊದಲು ಹೋಗುವುದು ವಿದ್ಯಾರ್ಥಿಯ ಹೆಸರು. ಅದರಲ್ಲೂ ಮಾಮೂಲಿ ಕಾಲೇಜಿನ ವಿದ್ಯಾರ್ಥಿಯದು, ಅವನ ಪರ ಮಾತಾಡುವವರು ಯಾರೂ ಇರುವುದಿಲ್ಲ.

ಯುನೆಸ್ಕೋದವರು 1991ರಲ್ಲೇ ‘ತೇಲುವ ವಿಶ್ವವಿದ್ಯಾಲಯ’ ಅಂತ ಶುರು ಮಾಡಿದ್ದರು. ನಿಜವಾದ ಸಂಶೋಧನಾ ಯಾನದಲ್ಲೇ ವಿದ್ಯಾರ್ಥಿಗಳಿಗೆ ತರಬೇತಿ, ಅವರೂ ತಂಡದವರೇ. ಕರ್ನಾಟಕಕ್ಕೆ 300 ಕಿಲೋಮೀಟರಿಗೂ ಜಾಸ್ತಿ ಕರಾವಳಿ ಇದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ ಇದೆ, ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ, ಮಂಗಳೂರಲ್ಲಿ ಮೀನುಗಾರಿಕೆ ಕಾಲೇಜು ಇದೆ. ಪ್ರತಿ ಯಾನದಲ್ಲೂ ಎರಡು ಬರ್ತ್ ವಿದ್ಯಾರ್ಥಿಗಳಿಗೆ ಅಂತ ಕಡ್ಡಾಯ ಮಾಡಬೇಕು, ಮುಕ್ತವಾಗಿ ಅರ್ಜಿ ಕರೆಯಬೇಕು. 2021ರಲ್ಲಿ ಆಳ ಸಾಗರ ಯೋಜನೆಗೆ 4077 ಕೋಟಿ ಒಪ್ಪಿಗೆ ಆಯಿತು, ಮತ್ಸ್ಯ 6000 ಅಂತ ಮೂರು ಜನರನ್ನು 6000 ಮೀಟರ್ ಆಳಕ್ಕೆ ಕರೆದೊಯ್ಯುವ ವಾಹನ ಮಾಡುತ್ತಿದ್ದಾರೆ. ಹೆಮ್ಮೆಯ ವಿಷಯ. ನಾಳೆ ಅದನ್ನು ನಡೆಸುವವರು ಇವತ್ತಿನ ಬಿಎಸ್ಸಿ, ಎಂಎಸ್ಸಿ ಮಕ್ಕಳೇ ಅಲ್ವಾ?

ಡೆಕ್ಕಿನ_ಹಳಬ

ಯಲಹಂಕದವರೇ, ಹೆಸರು ತೆಗೆದು ತಿಳಿಸದೇ ಇದ್ದದ್ದು ತಪ್ಪು. ಅದಕ್ಕೆ ಸಬೂಬು ಇಲ್ಲ. ನಿಮ್ಮ ಎರಡು ಬರ್ತಿನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಬಿಡಬೇಡಿ, ಮುಂದಿನ ಸಲ ಮತ್ತೆ ಕೇಳಿ.

ಉಪ್ಪುನೀರು

ಹೌದು, ಯಾನ ಮುಂದೂಡುವುದು ತುಂಬಾ ಸಾಮಾನ್ಯ. ಅದಕ್ಕೇ ನನ್ನ ಸಲಹೆ, ಪದವಿ ಮುಗಿಸಲು ಬೇಕಾದ ಕೆಲಸವನ್ನು ಹಡಗಿಗೆ ಕಟ್ಟಿ ಹಾಕಬೇಡಿ. ಪ್ರಾಜೆಕ್ಟ್ ಇರುವ ಡೇಟಾದಲ್ಲೇ ನಡೆಯಲಿ. ಹಡಗು ಸಿಕ್ಕರೆ ಅದರ ಮೇಲೆ. ಕೋಡ್‌ಮನೆಯವರ ಚಿಂತೆಗೂ ಇದೇ ಉತ್ತರ.

ಈಗ ಮಾಡಬೇಕಾದ್ದು. ನಿಮ್ಮ ವಿಷಯದ ಮೇಲೆ ಇತ್ತೀಚೆಗೆ ಹಡಗಿನ ಡೇಟಾ ಇಟ್ಟುಕೊಂಡು ಬಂದ ಪ್ರಬಂಧಗಳನ್ನು ತೆಗೆಯಿರಿ. ಕೊನೆಯಲ್ಲಿ ಯಾವ ಹಡಗು, ಯಾರು ಮುಖ್ಯ ವಿಜ್ಞಾನಿ ಅಂತ ಇರುತ್ತದೆ. ಅವರಿಗೆ ಚಿಕ್ಕದಾಗಿ ಮೇಲ್ ಬರೆಯಿರಿ. ‘ನನಗೆ ಸಮುದ್ರ ಅಂದರೆ ಚಿಕ್ಕಂದಿನಿಂದ ಇಷ್ಟ’ ಅಂತ ಶುರು ಮಾಡಬೇಡಿ, ಆ ಥರದ ಮೇಲ್ ಅವರಿಗೆ ರಾಶಿ ಬರುತ್ತದೆ. ನೀವು ಮಾಡಿದ ಒಂದು ಗ್ರಾಫ್ ಲಗತ್ತಿಸಿ, ಅದರಲ್ಲಿ ನಿಮಗೆ ಅರ್ಥ ಆಗದ ಒಂದು ಜಾಗ ತೋರಿಸಿ, ಅದರ ಬಗ್ಗೆ ಪ್ರಶ್ನೆ ಕೇಳಿ. ಆಮೇಲೆ, ಯಾವ ಪಾಳಿಯಲ್ಲಾದರೂ ಕೆಲಸ ಮಾಡುತ್ತೇನೆ, ಹೊರಡುವ ಒಂದು ವಾರ ಮೊದಲು ಹೇಳಿದರೂ ಬರುತ್ತೇನೆ ಅಂತ ಸ್ಪಷ್ಟವಾಗಿ ಬರೆಯಿರಿ. ಕೊನೆ ಗಳಿಗೆಯಲ್ಲಿ ಯಾರೋ ಮೆಡಿಕಲ್‌ನಲ್ಲಿ ಫೇಲ್ ಆಗಿ, ಯಾರದೋ ಮನೆಯಲ್ಲಿ ಮದುವೆ ಬಂದು ಜಾಗ ಖಾಲಿಯಾಗುತ್ತದೆ. ಆಗ ನೆನಪಾಗುವುದು ತಯಾರಾಗಿ ನಿಂತವರ ಹೆಸರು. ಮೆಡಿಕಲ್ ಸರ್ಟಿಫಿಕೇಟ್, ಗುರುತಿನ ಚೀಟಿ, ಕಾಲೇಜಿನ ಪತ್ರ, ಪಾಸ್‌ಪೋರ್ಟ್ ಎಲ್ಲ ಒಂದು ಫೈಲಿನಲ್ಲಿ ಇರಲಿ.

ಇನ್ನೊಂದು ದಾರಿ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್. ಅಕಾಡೆಮಿ ಆಫೀಸ್ ನಮ್ಮ ಸದಾಶಿವನಗರದಲ್ಲೇ ಇದೆ. ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಅರ್ಜಿ ಕರೆಯುತ್ತಾರೆ. ಅದರಲ್ಲಿ ಸಮುದ್ರ ವಿಜ್ಞಾನಿಗಳ ಕೆಳಗೆ ಎರಡು ತಿಂಗಳು ಕೆಲಸ ಮಾಡಬಹುದು. ಹಡಗು ಸಿಗುತ್ತದೆ ಅಂತ ಖಾತ್ರಿ ಇಲ್ಲ, ಆದರೆ ಪಟ್ಟಿ ತಯಾರಾಗುವ ಕೋಣೆಯ ಪಕ್ಕದಲ್ಲಿ ಇರುತ್ತೀರಿ. ಹೈದರಾಬಾದಿನ ಇಂಕಾಯಿಸ್‌ನಲ್ಲೂ ಸಾಗರ ವಿಜ್ಞಾನದ ತರಬೇತಿ ಕೇಂದ್ರ ಇದೆ, ಅವರ ಕೋರ್ಸುಗಳನ್ನು ನೋಡುತ್ತಿರಿ.

ಕೋಡ್‌ಮನೆ

ಮುಚ್ಚಳದ ವಿಷಯ ನನ್ನ ತಲೆಯಲ್ಲೇ ಉಳಿಯಿತು. ನಿನ್ನೆ ನಾನು ಬಳಸುವ ಡೇಟಾದ ಗುಣಮಟ್ಟದ ಸಂಕೇತಗಳನ್ನು ತೆರೆದು ಕೂತು ಒಂದೊಂದೇ ಓದಿದೆ. ಯಾರೋ ನೋಡಿ, ಅನುಮಾನ ಪಟ್ಟು, ಗುರುತು ಹಾಕಿದ್ದಾರೆ. ಅವರಿಗೆಲ್ಲ ಕೃತಜ್ಞತೆ ಹೇಳಬೇಕು ಅನ್ನಿಸಿತು. ಹಡಗಿಗೆ ಹೋಗಲಾಗದ ಮಕ್ಕಳ ಪರ ನನ್ನ ಮಾತು ಹಾಗೇ ಇದೆ. ಹೋಗಲು ಆಗುವವರು ಹೋಗಿ ಬಂದು ಉಳಿದವರಿಗೆ ಹೇಳಬೇಕು, ಫೋಟೋಗಿಂತ ಲಾಗ್ ಪುಸ್ತಕದ ವಿಷಯ ಜಾಸ್ತಿ ಹೇಳಬೇಕು. ಮಳೆಬಿಲ್ಲು ಅವರಿಗೆ ಸಿಟಿಡಿ ಫೈಲ್ ಓದುವ ಪೈಥಾನ್ ಕೋಡ್ ಬೇಕಿದ್ದರೆ ನಾನು ಕೊಡುತ್ತೇನೆ, ಕನ್ನಡದಲ್ಲೇ ಟಿಪ್ಪಣಿ ಬರೆದು.

ಮಳೆಬಿಲ್ಲು_ವಿಜಯನಗರ

ಕೋಡ್ ಖಂಡಿತ ಬೇಕು ಸರ್.

ಉಪ್ಪುನೀರು ಅವರು ಹೇಳಿದ ಹಾಗೆ ಇಬ್ಬರಿಗೆ ಮೇಲ್ ಕಳಿಸಿದೆ, ಗ್ರಾಫ್ ಸಮೇತ. ಒಬ್ಬರು ಉತ್ತರ ಬರೆದಿದ್ದಾರೆ! ಜಾಗದ ಬಗ್ಗೆ ಈಗಲೇ ಏನೂ ಹೇಳಲಾಗದು, ಆದರೆ ನಿಮ್ಮ ಗ್ರಾಫಿನ ಆ ಜಾಗ ನನಗೂ ಕುತೂಹಲ, ಮಾತಾಡೋಣ ಅಂದಿದ್ದಾರೆ. ಅಕ್ಕ ಹೇಳಿದ ಸಣ್ಣ ದೋಣಿಯ ವಿಷಯಕ್ಕೂ ಬರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಮೇಲೂ ಸಮುದ್ರದ ಅಬ್ಬರ ಪೂರ್ತಿ ಇಳಿದಿರುವುದಿಲ್ಲ ಅಂತ ಕೇಳಿದೆ. ಹಾಗಾಗಿ ಅಕ್ಟೋಬರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಕಾರವಾರಕ್ಕೆ ಬರಬೇಕು ಅಂತ ಇದ್ದೇವೆ, ಯಲಹಂಕದವರೂ ಬರುತ್ತೇನೆ ಅಂದಿದ್ದಾರೆ. ಅಮ್ಮ ಕಾರವಾರಕ್ಕೆ ಒಪ್ಪಿದ್ದಾರೆ. ದೊಡ್ಡ ಹಡಗಿಗೆ ಇನ್ನೂ ಒಪ್ಪಿಲ್ಲ.

ಹಳಬರೇ, ಉಕ್ಕಿನ ಶೂ ಬೆಂಗಳೂರಲ್ಲಿ ಎಲ್ಲಿ ತೆಗೆದುಕೊಳ್ಳಲಿ?

ಡೆಕ್ಕಿನ_ಹಳಬ

ಎಸ್‌.ಪಿ. ರೋಡ್ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಮ್ಮ, ಸೇಫ್ಟಿ ಶೂ ಅಂದರೆ ಕೊಡುತ್ತಾರೆ. ದಪ್ಪ ಕಾಲುಚೀಲ ಹಾಕಿಕೊಂಡೇ ಹೋಗಿ ನೋಡಿ ತೆಗೆದುಕೋ. ಅಟ್ಟೆಯಲ್ಲಿ ಜಾರದ ಗೀರು ಇರಬೇಕು, ಎಣ್ಣೆ ಬಿದ್ದ ನೆಲದ ಮೇಲೂ ಹಿಡಿಯಬೇಕು. ಈಗಲೇ ಕೊಂಡು ಮನೆ ಸುತ್ತ ಹಾಕಿಕೊಂಡು ಓಡಾಡು. ಹೊಸ ಶೂ ಹಡಗಿನಲ್ಲೇ ಮೊದಲ ಸಲ ಹಾಕಿದರೆ ಕಾಲು ಕಚ್ಚಿ ರಾತ್ರಿ ಪಾಳಿ ಕಷ್ಟ ಆಗುತ್ತದೆ.